ನಂಬಿಕೆ ಇಲ್ಲ, ಆದರೂ ದೀಕ್ಷಾಸ್ನಾನ: ಐರ್ಲೆಂಡಿನ ಅಪ್ಪ ಅಮ್ಮಂದಿರ ಇಕ್ಕಟ್ಟು

ಐರ್ಲೆಂಡಿನಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಎಷ್ಟೋ ಕಡೆ ಒಂದು ಕಾಗದ ಕೇಳುತ್ತಿದ್ದರು. ದೀಕ್ಷಾಸ್ನಾನದ ಸರ್ಟಿಫಿಕೇಟ್. ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಲು ಅದರ ತಲೆಗೆ ಚರ್ಚಿನಲ್ಲಿ ನೀರು ಹಾಕಿಸಿದ್ದಕ್ಕೆ ಪುರಾವೆ. ಕೇಳುತ್ತಿದ್ದದ್ದು ದುಬಾರಿ ಫೀಸಿನ ಖಾಸಗಿ ಶಾಲೆ ಅಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ, ಮನೆ ಹತ್ತಿರದ ಪ್ರಾಥಮಿಕ ಶಾಲೆ. ಅರ್ಜಿ ಜಾಸ್ತಿ ಬಂದು ಸೀಟು ಸಾಲದೇ ಹೋದರೆ ಕ್ಯಾಥೊಲಿಕ್ ಮಕ್ಕಳಿಗೆ ಮೊದಲು, ಮಿಕ್ಕವರಿಗೆ ಆಮೇಲೆ.

ಹಾಗಾಗಿ ವರ್ಷಕ್ಕೊಮ್ಮೆಯೂ ಪೂಜೆಗೆ ಹೋಗದವರು, ದೇವರೇ ಇಲ್ಲ ಅನ್ನುವವರು ಕೂಡ ಮಗುವನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಲ್ಲುತ್ತಿದ್ದರು. 2018ರಲ್ಲಿ ಕಾನೂನು ಬದಲಾಯಿತು. ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಸೇರಲು ಆ ಕಾಗದ ಈಗ ಬೇಕಿಲ್ಲ. ಅಲ್ಲಿಗೆ ವಿಷಯ ಮುಗಿಯಬೇಕಿತ್ತು, ಅಲ್ವಾ? ಮುಗಿದಿಲ್ಲ. ನಂಬಿಕೆ ಇಲ್ಲದ ಅಪ್ಪ ಅಮ್ಮಂದಿರು ಇವತ್ತಿಗೂ 'ಮಾಡಿಸೋದಾ, ಬೇಡವಾ' ಎಂದು ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ಬಹಳಷ್ಟು ಜನ ಕೊನೆಗೆ ಮಾಡಿಸುತ್ತಿದ್ದಾರೆ.

ಇದನ್ನು ಆಷಾಢಭೂತಿತನ ಎಂದು ಬೈದುಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಅಲ್ಲಿನ ಶಾಲೆ ಹೇಗೆ ನಡೆಯುತ್ತದೆ ಎಂದು ನೋಡಿದರೆ, ಅವರು ಸಿಕ್ಕಿಕೊಂಡಿರುವ ಜಾಗ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತದೆ.

ಐರ್ಲೆಂಡಿನಲ್ಲಿ ಸುಮಾರು 3,100 ಪ್ರಾಥಮಿಕ ಶಾಲೆಗಳಿವೆ. ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಕ್ಯಾಥೊಲಿಕ್ ಚರ್ಚಿನ ಆಡಳಿತದಲ್ಲಿವೆ. ನಮ್ಮ ಅನುದಾನಿತ ಶಾಲೆಗಳ ಹಾಗೆಯೇ: ಜಾಗ, ಕಟ್ಟಡ ಸಾಮಾನ್ಯವಾಗಿ ಚರ್ಚಿನದು, ಮೇಷ್ಟ್ರ ಸಂಬಳ ಸರ್ಕಾರದ್ದು. ಆದರೆ ನಮ್ಮಲ್ಲಿ ಅನುದಾನಿತ ಶಾಲೆ ಬೇಡ ಅಂದರೆ ಸರ್ಕಾರಿ ಶಾಲೆ ಇದೆ. ಅಲ್ಲಿ ಬಹುಪಾಲು ಊರುಗಳಲ್ಲಿ ಅಂಥ ಎರಡನೇ ದಾರಿಯೇ ಇಲ್ಲ. ಇರುವ ಒಂದು ಶಾಲೆ ಚರ್ಚಿನದು.

ಇದು ಶುರುವಾದದ್ದು ಹೀಗಲ್ಲ. 1831ರಲ್ಲಿ, ಬ್ರಿಟಿಷರ ಕಾಲದಲ್ಲಿ, ಸ್ಟ್ಯಾನ್ಲಿ ಎಂಬ ಆಡಳಿತಗಾರ ರಾಷ್ಟ್ರೀಯ ಶಾಲೆಗಳ ಯೋಜನೆ ತಂದಾಗ ಎಲ್ಲ ಪಂಗಡದ ಮಕ್ಕಳೂ ಒಟ್ಟಿಗೆ ಕಲಿಯಲಿ, ಧರ್ಮಪಾಠ ಮಾತ್ರ ಬೇರೆ ಬೇರೆ ಇರಲಿ ಎಂಬುದೇ ಉದ್ದೇಶವಾಗಿತ್ತು. ಪ್ರೆಸ್ಬಿಟೇರಿಯನ್ನರು, ಆಂಗ್ಲಿಕನ್ನರು, ಕ್ಯಾಥೊಲಿಕ್ಕರು ಮೂವರಿಗೂ ಅದು ಹಿಡಿಸಲಿಲ್ಲ. ಶತಮಾನ ಮುಗಿಯುವ ಹೊತ್ತಿಗೆ ಶಾಲೆಗಳು ಒಂದೊಂದು ಪಂಗಡದ ಪಾಲಾಗಿದ್ದವು. ಸ್ವಾತಂತ್ರ್ಯ ಬಂದಮೇಲೆ ಆ ಏರ್ಪಾಡು ಇನ್ನಷ್ಟು ಗಟ್ಟಿಯಾಯಿತು. ಶಾಲೆಗಳ ನಿಯಮಾವಳಿಯ 68ನೇ ನಿಯಮವಂತೂ ಎಲ್ಲ ಪಾಠಗಳಿಗಿಂತ ಧರ್ಮಪಾಠವೇ ಬಹಳ ಮುಖ್ಯ, ಧಾರ್ಮಿಕ ಭಾವ ಶಾಲೆಯ ಎಲ್ಲ ಕೆಲಸದಲ್ಲೂ ತುಂಬಿರಬೇಕು ಎನ್ನುತ್ತಿತ್ತು. ಅದನ್ನು ರದ್ದು ಮಾಡಿದ್ದು 2016ರ ಜನವರಿಯಲ್ಲಿ. ನೂರು ವರ್ಷದ ಹಿಂದೆ ಅಲ್ಲ, ಮೊನ್ನೆ ಮೊನ್ನೆ.

2000ನೇ ಇಸವಿಯಲ್ಲಿ ಬಂದ ಸಮಾನತೆಯ ಕಾಯ್ದೆಯೊಂದು ತಾರತಮ್ಯವನ್ನು ನಿಷೇಧಿಸಿತು. ಆದರೆ ತಮ್ಮ ಧರ್ಮದ ಮಕ್ಕಳಿಗೆ ಮೊದಲ ಆದ್ಯತೆ ಕೊಡಲು ಶಾಲೆಗಳಿಗೆ ಅದರಲ್ಲೇ ವಿನಾಯಿತಿ ಸಿಕ್ಕಿತು. ಊರುಗಳು ಬೆಳೆಯುತ್ತಿದ್ದ, ವಲಸೆ ಹೆಚ್ಚಿದ ಆ ವರ್ಷಗಳಲ್ಲಿ ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದು 2007ರ ಸೆಪ್ಟೆಂಬರಿನಲ್ಲಿ ಕಣ್ಣಿಗೆ ರಾಚಿತು. ಡಬ್ಲಿನ್ನಿನ ಉತ್ತರಕ್ಕಿರುವ ಬಾಲ್‌ಬ್ರಿಗನ್ ಎಂಬ ಊರಿನಲ್ಲಿ ಎಲ್ಲೂ ಸೀಟು ಸಿಗದೆ ಉಳಿದ ಮಕ್ಕಳಿಗಾಗಿ ತುರ್ತಾಗಿ ಒಂದು ಹೊಸ ಶಾಲೆ ತೆರೆಯಬೇಕಾಯಿತು. ಬಾಗಿಲು ತೆರೆದಾಗ ಒಳಗೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಆಫ್ರಿಕಾ ಮೂಲದ ಕಪ್ಪು ಮಕ್ಕಳು. ಬಣ್ಣ ನೋಡಿ ಯಾರೂ ಬೇರೆ ಮಾಡಿರಲಿಲ್ಲ. ದೀಕ್ಷಾಸ್ನಾನದ ಕಾಗದ ಆ ಕೆಲಸವನ್ನು ತಾನಾಗಿಯೇ ಮಾಡಿತ್ತು.

ಮುಂದಿನ ಹತ್ತು ವರ್ಷ ಈ ಜಗಳ ನಡೆದೇ ಇತ್ತು. ಶಿಕ್ಷಣ ಸಚಿವ ರಿಚರ್ಡ್ ಬ್ರೂಟನ್ 2017ರಲ್ಲಿ ಈ ಆದ್ಯತೆಯ ನಿಯಮ ತೆಗೆಯುವುದಾಗಿ ಹೇಳಿದರು. 2018ರ ಶಾಲಾ ಪ್ರವೇಶ ಕಾಯ್ದೆ ಆ ಮಾತನ್ನು ಜಾರಿಗೆ ತಂದಿತು, 2019ರಲ್ಲಿ ಸೇರಿದ ಮಕ್ಕಳಿಗೆ ಅದು ಮೊದಲು ಅನ್ವಯಿಸಿತು. ಚರ್ಚಿನ ಕಡೆಯವರ ವಾದ ಬೇರೆ ಇತ್ತು: ಕೊರತೆ ಇರುವುದು ಸೀಟಿಗೆ, ದೀಕ್ಷಾಸ್ನಾನವನ್ನು ಯಾಕೆ ದೂರುತ್ತೀರಿ? ಅದರಲ್ಲಿ ಸ್ವಲ್ಪ ಹುರುಳಿದೆ. ಬಹುಪಾಲು ಶಾಲೆಗಳಲ್ಲಿ ಸೀಟಿಗೆ ಪೈಪೋಟಿಯೇ ಇರಲಿಲ್ಲ. ಆದರೆ ಮಗುವಿಗೆ ಆರು ತಿಂಗಳಾಗಿದ್ದಾಗ, ನಾಲ್ಕು ವರ್ಷ ಆದಮೇಲೆ ನಮ್ಮ ಬೀದಿಯ ಶಾಲೆಯಲ್ಲಿ ಸೀಟು ಇರುತ್ತದಾ ಇಲ್ಲವಾ ಅಂತ ಯಾವ ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ? ಯಾವುದಕ್ಕೂ ಇರಲಿ ಅಂತ ಮಾಡಿಸಿಬಿಡುತ್ತಿದ್ದರು.

ಕಾಯ್ದೆಯಲ್ಲಿ ಎರಡು ಕಡೆ ಬಾಗಿಲು ಬಿಟ್ಟಿದ್ದಾರೆ. ಚರ್ಚ್ ಆಫ್ ಐರ್ಲೆಂಡ್ (ಆಂಗ್ಲಿಕನ್ನರ ಪಂಗಡ), ಯಹೂದಿ, ಮುಸ್ಲಿಂ ಹೀಗೆ ಅಲ್ಪಸಂಖ್ಯಾತರ ಪ್ರಾಥಮಿಕ ಶಾಲೆಗಳು ತಮ್ಮ ಮಕ್ಕಳಿಗೆ ಈಗಲೂ ಆದ್ಯತೆ ಕೊಡಬಹುದು. ಇಡೀ ದೇಶದಲ್ಲಿ ಕಡಿಮೆ ಶಾಲೆ ಇರುವವರಿಗೆ ಅದೂ ಕೈತಪ್ಪಬಾರದು ಎಂಬುದು ಕಾರಣ, ನ್ಯಾಯವಾದದ್ದೇ. ಇನ್ನೊಂದು, ಈ ನಿಯಮ ಪ್ರಾಥಮಿಕ ಶಾಲೆಗೆ ಮಾತ್ರ. ಪ್ರೌಢಶಾಲೆಗಳು ಧರ್ಮ ನೋಡಿ ಸೀಟು ಕೊಡುವುದು ಈಗಲೂ ಕಾನೂನುಬದ್ಧ.

ಇಷ್ಟರ ನಡುವೆ ದೇಶದ ಲೆಕ್ಕವೇ ಬದಲಾಗಿದೆ. 2011ರ ಜನಗಣತಿಯಲ್ಲಿ ಕ್ಯಾಥೊಲಿಕ್ ಎಂದು ಬರೆಸಿದವರು ಶೇ. 84. 2016ರಲ್ಲಿ ಶೇ. 78. 2022ರಲ್ಲಿ ಶೇ. 69. ಧರ್ಮ ಇಲ್ಲ ಎಂದವರು 2022ರಲ್ಲಿ 7,36,210 ಜನ, ಅಂದರೆ ಶೇ. 14. ಕ್ಯಾಥೊಲಿಕ್ಕರ ನಂತರ ಅತಿ ದೊಡ್ಡ ಗುಂಪು ಇವರದೇ. ಆದರೆ ಇವರನ್ನು ಅಲ್ಪಸಂಖ್ಯಾತ ಧರ್ಮ ಎಂದು ಲೆಕ್ಕ ಹಿಡಿಯುವುದಿಲ್ಲ, ಏಕೆಂದರೆ ಇವರಿಗೆ ಧರ್ಮವೇ ಇಲ್ಲ! ಹೀಗಾಗಿ ಕೆಲವೇ ಸಾವಿರ ಜನರ ಸಮುದಾಯಕ್ಕೆ ಸಿಕ್ಕ ರಕ್ಷಣೆ ಏಳು ಲಕ್ಷ ಜನರಿಗೆ ಸಿಗುವುದಿಲ್ಲ.

ಮದುವೆಗಳಲ್ಲೂ ಇದೇ ದಿಕ್ಕು. 2019ರ ಹೊತ್ತಿಗೆ ಕ್ಯಾಥೊಲಿಕ್ ವಿಧಿಯ ಮದುವೆಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. 2015ರಲ್ಲಿ ಸಲಿಂಗ ಮದುವೆಗೆ, 2018ರಲ್ಲಿ ಗರ್ಭಪಾತದ ಹಕ್ಕಿಗೆ ಜನ ಭಾರಿ ಬಹುಮತದಿಂದ ಹೂಂ ಎಂದರು. ಆ ಎರಡನೇ ಮತದ ಹಿಂದೆ ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳ ಸಾವಿದೆ. ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭಪಾತ ತಾನಾಗಿಯೇ ಆಗುತ್ತಿದೆ ಎಂದು ಗೊತ್ತಾದ ಮೇಲೂ, ಕೇಳಿಕೊಂಡರೂ, ಗರ್ಭ ತೆಗೆಯಲಿಲ್ಲ. 'ಇದು ಕ್ಯಾಥೊಲಿಕ್ ದೇಶ' ಎಂಬ ಅರ್ಥದ ಮಾತು ಹೇಳಿದ್ದು ನಿಜ ಎಂದು ಸಾವಿನ ವಿಚಾರಣೆಯಲ್ಲಿ ಅಲ್ಲಿನ ದಾದಿಯೊಬ್ಬರು ಒಪ್ಪಿಕೊಂಡರು. ಆಸ್ಪತ್ರೆಯಲ್ಲಿ ಆ ಮಾತು ಈಗ ಹಳೆಯದಾಗಿದೆ. ಶಾಲೆಯಲ್ಲಿ ಅದು ಬೇರೆ ರೂಪದಲ್ಲಿ ಉಳಿದಿದೆ.

ಎರಡನೇ ತರಗತಿಯ ಮೇ ತಿಂಗಳು

ಸೀಟು ಸಿಕ್ಕಿತು. ಮಗು ಒಳಗೆ ಬಂತು. ಆಮೇಲೆ?

ಕ್ಯಾಥೊಲಿಕ್ ಶಾಲೆಯಲ್ಲಿ ಧರ್ಮಪಾಠಕ್ಕೆ ದಿನಕ್ಕೆ ಅರ್ಧ ಗಂಟೆ ಇಡುವುದು ರೂಢಿ. ಬೇಡ ಅನ್ನುವ ಹಕ್ಕು ಮಗುವಿಗಿದೆ, ಅದೂ ಸಂವಿಧಾನದಲ್ಲೇ. 1937ರ ಐರಿಷ್ ಸಂವಿಧಾನದ 44ನೇ ವಿಧಿ ಸರ್ಕಾರದ ದುಡ್ಡು ಪಡೆಯುವ ಶಾಲೆಯಲ್ಲಿ ಧರ್ಮಪಾಠಕ್ಕೆ ಕೂರದೆ ಓದುವ ಹಕ್ಕನ್ನು ಕೊಡುತ್ತದೆ. (ರಾಜ್ಯ ನಿರ್ದೇಶಕ ತತ್ವಗಳನ್ನು ಐರ್ಲೆಂಡಿನಿಂದ ತಂದರು ಅಂತ ನಾವು ಪರೀಕ್ಷೆಗೆ ಉರು ಹೊಡೆದೆವಲ್ಲ, ಅದೇ ಸಂವಿಧಾನ.) ಆದರೆ ಬೇಡ ಎಂದ ಮಗುವನ್ನು ಎಲ್ಲಿ ಕೂರಿಸುವುದು? ನೋಡಿಕೊಳ್ಳಲು ಇನ್ನೊಬ್ಬ ಟೀಚರ್ ಇಲ್ಲ, ಬೇರೆ ಕೋಣೆ ಇಲ್ಲ. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಆ ಮಗು ಅದೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಣ್ಣ ತುಂಬುವ ಪುಸ್ತಕ ಇಟ್ಟುಕೊಂಡು ಕೂರುತ್ತದೆ. ಕಿವಿಗೆ ಬೀಳುವುದೆಲ್ಲ ಬೀಳುತ್ತಲೇ ಇರುತ್ತದೆ.

ನಿಜವಾದ ಪರೀಕ್ಷೆ ಎರಡನೇ ತರಗತಿಯಲ್ಲಿ. ಮಕ್ಕಳಿಗೆ ಏಳೆಂಟು ವರ್ಷ. ಕ್ರಿಸ್‌ಮಸ್ ರಜೆ ಮುಗಿಸಿ ಬಂದಮೇಲೆ ಶಾಲೆಯ ಗಾಳಿಯೇ ಬದಲಾಗುತ್ತದೆ. ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ಮೊದಲ ಪರಮಪ್ರಸಾದಕ್ಕೆ, ಅಲ್ಲಿನವರ ಮಾತಿನಲ್ಲಿ ಕಮ್ಯುನಿಯನ್‌ಗೆ, ತಯಾರಿ ಶುರು. ಮೊದಲು ಪಾಪನಿವೇದನೆ ಕಲಿಯಬೇಕು. ಹಾಡು ಕಲಿಯಬೇಕು. ಶಾಲೆಯ ಹೊತ್ತಿನಲ್ಲೇ ಸಾಲಾಗಿ ಚರ್ಚಿಗೆ ನಡೆದುಹೋಗಿ ಅಭ್ಯಾಸ ಮಾಡಬೇಕು. ಮೇ ತಿಂಗಳ ಒಂದು ಶನಿವಾರ ಹುಡುಗಿಯರು ಪುಟ್ಟ ಮದುಮಗಳ ಹಾಗೆ ಬಿಳಿ ಗೌನು, ತಲೆಗೆ ವೇಲ್. ಹುಡುಗರಿಗೆ ಸೂಟು, ಎದೆಗೆ ಬಿಳಿ ರಿಬ್ಬನ್ನಿನ ಹೂ. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಕವರಿನಲ್ಲಿ ದುಡ್ಡು ಹಾಕಿ ಕೊಡುತ್ತಾರೆ. ಒಟ್ಟು ಸೇರಿದರೆ ನೂರಾರು ಯೂರೋ. ಹಿತ್ತಿಲಲ್ಲಿ ಗಾಳಿ ತುಂಬಿದ ಜಿಗಿಯುವ ಕೋಟೆ. ಸೋಮವಾರ ಶಾಲೆಯಲ್ಲಿ ಮಾತೆಲ್ಲ ಒಂದೇ: ನಿನಗೆಷ್ಟು ಬಂತು?

ಈ ಐದು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತ ಮಗು ಮನೆಗೆ ಬಂದು ಕೇಳುತ್ತದೆ, ನನಗೆ ಯಾಕಿಲ್ಲ? ನಾಸ್ತಿಕವಾದದ ಯಾವ ಪುಸ್ತಕದಲ್ಲೂ ಇದಕ್ಕೆ ಎಂಟು ವರ್ಷದ ಮಗು ಒಪ್ಪುವಂಥ ಉತ್ತರ ಇಲ್ಲ.

ದೀಕ್ಷಾಸ್ನಾನ ಆಗದವರಿಗೆ ಕಮ್ಯುನಿಯನ್ ಇಲ್ಲ. ಕೂಸಿಗೆ ಹಾಕಿಸಿದ ನೀರು ಎಂಟು ವರ್ಷದ ನಂತರದ ಆ ಶನಿವಾರಕ್ಕೆ ಟಿಕೆಟ್ ಇದ್ದ ಹಾಗೆ. 2018ರ ಕಾಯ್ದೆ ಮುಟ್ಟಿದ್ದು ಶಾಲೆಯ ಗೇಟನ್ನು. ಟೈಮ್‌ಟೇಬಲ್ ಹಾಗೇ ಉಳಿಯಿತು. ಅಪ್ಪ ಅಮ್ಮಂದಿರು ಇವತ್ತು ಹೆದರುವುದು ಟೈಮ್‌ಟೇಬಲ್‌ಗೆ.

ಶಾಲೆಗಳನ್ನೇ ಬೇರೆಯವರ ಕೈಗೆ ಕೊಡಬಾರದಾ ಎಂದರೆ, ಚರ್ಚಿನವರೇ ಕೆಲವರು ಕೊಡೋಣ ಎಂದಿದ್ದಾರೆ. ಡಬ್ಲಿನ್ನಿನ ಆರ್ಚ್‌ಬಿಷಪ್ ಆಗಿದ್ದ ಡರ್ಮಡ್ ಮಾರ್ಟಿನ್ ವರ್ಷಗಟ್ಟಲೆ ಅದನ್ನೇ ಹೇಳಿದರು. ಸರ್ಕಾರ 2030ರೊಳಗೆ ಎಲ್ಲ ಧರ್ಮದವರಿಗೂ ಸಲ್ಲುವ 400 ಪ್ರಾಥಮಿಕ ಶಾಲೆಗಳ ಗುರಿ ಇಟ್ಟುಕೊಂಡಿದೆ. ಅಂಥ ಶಾಲೆಗಳನ್ನು ನಡೆಸುವ ಎಜುಕೇಟ್ ಟುಗೆದರ್ ಚಳವಳಿ 1978ರಲ್ಲಿ ಡಬ್ಲಿನ್ ಹತ್ತಿರದ ಡಾಕಿ ಎಂಬಲ್ಲಿ ಒಂದು ಶಾಲೆಯಿಂದ ಶುರುವಾಯಿತು. ಇಷ್ಟು ವರ್ಷವಾದರೂ ಅದರ ಶಾಲೆಗಳು ನೂರರ ಆಸುಪಾಸಿನಲ್ಲಿವೆ. ಹಸ್ತಾಂತರದ ಮಾತು ಬಂದ ಕಡೆಯೆಲ್ಲ ಊರವರೇ ತಡೆಯುತ್ತಾರೆ. ತತ್ವಕ್ಕೆ ಎಲ್ಲರೂ ಸೈ, ನಮ್ಮ ಶಾಲೆ ಮಾತ್ರ ಬೇಡ. 2019ರಲ್ಲಿ ಡಬ್ಲಿನ್ನಿನ ಉತ್ತರ ಹೊರವಲಯದ ಕೆಲವು ಶಾಲೆಗಳಿಂದ ಪೋಷಕರಿಗೆ ಹೋದ ಪತ್ರಗಳು ಆಡಳಿತ ಬದಲಾದರೆ ಕ್ರಿಸ್‌ಮಸ್ ಆಚರಣೆಯೂ ಹೋದೀತು ಎಂದು ಹೆದರಿಸಿದವು. ಎಲ್ಲ ಧರ್ಮದವರ ಶಾಲೆಯಲ್ಲಿ ಕ್ರಿಸ್‌ಮಸ್ ಮಾಡುವುದೇ ಇಲ್ಲ ಅಂತ ಯಾರು ಹೇಳಿದರೋ.

ಅಜ್ಜಿಯ ಭಯ

ಶಾಲೆಯ ಮಾತು ಬಿಟ್ಟರೆ ಎರಡನೇ ಒತ್ತಡ ಮನೆಯದು. ಐರ್ಲೆಂಡಿನಲ್ಲಿ ಮದುವೆಯ ಹಣ್ಣಿನ ಕೇಕಿನ ಮೇಲಿನ ಅಂತಸ್ತನ್ನು ತಿನ್ನದೆ ಎತ್ತಿಡುವ ರೂಢಿ ಇತ್ತು, ಮೊದಲ ಮಗುವಿನ ದೀಕ್ಷಾಸ್ನಾನದ ದಿನ ಕತ್ತರಿಸಲು. ಅಂದರೆ ಮಗು ಹುಟ್ಟುವ ಮೊದಲೇ ನಿರ್ಧಾರ ಆಗಿರುತ್ತಿತ್ತು. ಮುತ್ತಜ್ಜ ಹಾಕಿಕೊಂಡಿದ್ದ ಬಿಳಿ ನಿಲುವಂಗಿ ಪೆಟ್ಟಿಗೆಯಲ್ಲಿ ಕಾಯುತ್ತಿರುತ್ತದೆ. ಇದನ್ನು ಬೇಡ ಅನ್ನುವುದು ದೇವರನ್ನು ಬೇಡ ಅಂದ ಹಾಗಲ್ಲ, ಅಮ್ಮನನ್ನೇ ಬೇಡ ಅಂದ ಹಾಗೆ ಕೇಳಿಸುತ್ತದೆ.

ಅಜ್ಜಿಯಂದಿರ ಹಟವನ್ನು ನಗೆಯಾಡುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಕಿಲ್ಲೀನಿ ಎಂದು ಕರೆಯುವ ಜಾಗಗಳಿವೆ. ಗುರುತಿಸಿರುವುದೇ ಸಾವಿರಕ್ಕೂ ಹೆಚ್ಚು. ಹೊಲದ ಅಂಚು, ಹಾಳುಬಿದ್ದ ಕೋಟೆ, ಸಮುದ್ರದ ದಡ. ದೀಕ್ಷಾಸ್ನಾನ ಆಗುವ ಮುಂಚೆ ಸತ್ತ ಕೂಸುಗಳನ್ನು ಚರ್ಚಿನ ಸ್ಮಶಾನದಲ್ಲಿ ಹೂಳಲು ಬಿಡುತ್ತಿರಲಿಲ್ಲ. ಅವು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ಲಿಂಬೋ ಎಂಬ ನಡುವಿನ ಜಾಗದಲ್ಲಿ ಉಳಿಯುತ್ತವೆ ಎಂಬ ನಂಬಿಕೆ. ಅಪ್ಪನೋ ಚಿಕ್ಕಪ್ಪನೋ ಕತ್ತಲಾದಮೇಲೆ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋಗಿ ಇಂಥ ಕಡೆ ಹೂತು ಬರುತ್ತಿದ್ದ. ಪೂಜೆ ಇಲ್ಲ, ಹೆಸರಿನ ಕಲ್ಲಿಲ್ಲ. ಹೆತ್ತವಳಿಗೆ ಎಷ್ಟೋ ಸಲ ಜಾಗ ಯಾವುದೆಂದೂ ಹೇಳುತ್ತಿರಲಿಲ್ಲ. ಇದು ಕೆಲವು ಕಡೆ 20ನೇ ಶತಮಾನದ ಮಧ್ಯದವರೆಗೂ ನಡೆಯಿತು. ಅಂದರೆ ಇವತ್ತಿನ ಅಜ್ಜಿಯರಲ್ಲಿ ಹಿರಿಯರಿಗೆ ಹೀಗೆ ಹೋದ ತಮ್ಮನೋ ತಂಗಿಯೋ ಇದ್ದಿರಬಹುದು. ದೀಕ್ಷಾಸ್ನಾನ ಆಗದ ಮಕ್ಕಳಿಗೂ ಮುಕ್ತಿ ಸಿಗುತ್ತದೆಂದು ಆಶಿಸಲು ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ. ಆಯೋಗದ ವರದಿ ಬಂದಿತು ಅಂತ ಅಜ್ಜಿಯ ಎದೆಯ ನಡುಕ ನಿಲ್ಲುತ್ತದಾ?

ಅಡುಗೆಮನೆಯ ನಲ್ಲಿಯ ಕೆಳಗೆ ಮೊಮ್ಮಗುವಿನ ತಲೆ ಹಿಡಿದು ಗುಟ್ಟಾಗಿ ನೀರು ಹಾಕಿ ಮಂತ್ರ ಹೇಳಿಬಿಡುವ ಅಜ್ಜಿಯರ ಕತೆಗಳು ಐರ್ಲೆಂಡಿನಲ್ಲಿ ಬೇಕಾದಷ್ಟಿವೆ. ತಮಾಷೆಯಾಗಿ ಹೇಳುತ್ತಾರೆ, ಆದರೆ ಚರ್ಚಿನ ಕಾನೂನಿನಲ್ಲಿ ಅದಕ್ಕೊಂದು ಎಳೆ ಇದೆ. ತುರ್ತು ಬಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಪಾದ್ರಿಯೇ ಆಗಬೇಕಿಲ್ಲ. ಆರೋಗ್ಯವಾಗಿ ಆಡುತ್ತಿರುವ ಮಗುವಿಗೆ ಯಾವ ತುರ್ತು ಅಂತ ಕೇಳಿದರೆ ಅಜ್ಜಿಯ ಲೆಕ್ಕ ಬೇರೆ ಇರುತ್ತದೆ.

ಮಾಡಿಸಿದರೆ ಏನು ಹೋಗುತ್ತದೆ?

ನಂಬದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಇದು: ಬರೀ ನೀರು ತಾನೇ. ನಾವೂ ದೇವರ ಮೇಲೆ ಅಷ್ಟೇನೂ ನಂಬಿಕೆ ಇಲ್ಲದಿದ್ದರೂ ನಾಮಕರಣ, ಜವಳ ಮಾಡಿಸುತ್ತೇವಲ್ಲ. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. ನಾಮಕರಣದಲ್ಲಿ ಅಪ್ಪ ಅಮ್ಮನನ್ನು ಯಾರೂ ನಿಮಗೆ ನಂಬಿಕೆ ಇದೆಯಾ ಎಂದು ಕೇಳುವುದಿಲ್ಲ. ದೀಕ್ಷಾಸ್ನಾನದಲ್ಲಿ ಕೇಳುತ್ತಾರೆ, ಎಲ್ಲರ ಮುಂದೆ. ಸೈತಾನನನ್ನು ತ್ಯಜಿಸುತ್ತೀರಾ? ದೇವರನ್ನು ನಂಬುತ್ತೀರಾ? ಹೌದು, ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಮಗುವನ್ನು ಆ ನಂಬಿಕೆಯಲ್ಲಿ ಬೆಳೆಸುತ್ತೇವೆ ಎಂದು ಒಪ್ಪಿಕೊಳ್ಳಬೇಕು. ಜ್ಞಾನ ತಂದೆ ಅಥವಾ ಜ್ಞಾನ ತಾಯಿಯಾಗಿ (ಗಾಡ್‌ಪೇರೆಂಟ್) ನಿಲ್ಲುವವರೂ ದೃಢೀಕರಣ ಎಂಬ ಸಂಸ್ಕಾರ ಆದ ಕ್ಯಾಥೊಲಿಕ್ ಆಗಿರಬೇಕು. ನಂಬದವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದೇ. ನೀರಲ್ಲ, ಮಾತು.

ಪಾದ್ರಿಯ ಇಕ್ಕಟ್ಟೂ ಸಣ್ಣದಲ್ಲ. ಚರ್ಚಿನ ಕಾನೂನು ಸಂಹಿತೆಯ 868ನೇ ನಿಯಮದ ಪ್ರಕಾರ ಮಗುವನ್ನು ಕ್ಯಾಥೊಲಿಕ್ ಆಗಿ ಬೆಳೆಸುತ್ತಾರೆ ಎಂಬ ಭರವಸೆಗೆ ಆಧಾರ ಇರಬೇಕು. ಅದು ಪೂರ್ತಿ ಇಲ್ಲವಾದರೆ ಮುಂದೂಡಬೇಕು. ಎದುರಿಗೆ ಕೂತ ಜೋಡಿ ಚರ್ಚಿನ ಬಾಗಿಲನ್ನು ಮದುವೆಯ ದಿನ ಬಿಟ್ಟರೆ ನೋಡಿಯೇ ಇಲ್ಲ ಅಂತ ಅವರಿಗೂ ಗೊತ್ತು. ಆದರೂ ಬಹುಪಾಲು ಪಾದ್ರಿಗಳು ಬೇಡ ಎನ್ನುವುದಿಲ್ಲ. ಬಾಗಿಲು ಮುಚ್ಚಿದರೆ ಇವರು ಮತ್ತೆ ಬರುವುದಿಲ್ಲ ಎಂಬ ಲೆಕ್ಕ ಇರಬಹುದು. ಕೂಸನ್ನು ನೋಡಿ ಮನಸ್ಸು ಕರಗಿದ್ದೂ ಇರಬಹುದು.

ಇನ್ನು ರಿಜಿಸ್ಟರ್. ದೀಕ್ಷಾಸ್ನಾನ ಆದ ಮಗುವಿನ ಹೆಸರು ಧರ್ಮಕೇಂದ್ರದ, ಅಂದರೆ ಆ ಊರಿನ ಚರ್ಚಿನ, ಪುಸ್ತಕ ಸೇರುತ್ತದೆ. ದೊಡ್ಡವರಾದ ಮೇಲೆ ತೆಗೆಸಬಹುದಾ? ಚರ್ಚ್ ಬಿಟ್ಟಿದ್ದೇನೆ ಎಂದು ಅಧಿಕೃತವಾಗಿ ಬರೆಸುವ ಒಂದು ದಾರಿ ಚರ್ಚಿನ ಕಾನೂನಿನಲ್ಲಿ ಹಿಂದೆ ಇತ್ತು. 2009ರಲ್ಲಿ ಐರ್ಲೆಂಡಿನಲ್ಲಿ ಸಾವಿರಾರು ಜನ ಅದನ್ನು ಬಳಸಲು ಮುಂದಾದರು. ಅದೇ ವರ್ಷ ಪೋಪ್ ಬೆನೆಡಿಕ್ಟ್ ಆ ಪದಗಳನ್ನೇ ಕಾನೂನಿನಿಂದ ತೆಗೆದುಹಾಕಿದರು. ಆಮೇಲೆ ಯುರೋಪಿನ ಡೇಟಾ ರಕ್ಷಣೆಯ ನಿಯಮ ಹಿಡಿದು ಕೆಲವರು ದೂರು ಕೊಟ್ಟರು. ಡಬ್ಲಿನ್ ಮಹಾಧರ್ಮಪ್ರಾಂತ್ಯ, ಅಂದರೆ ಅಲ್ಲಿನ ಆರ್ಚ್‌ಬಿಷಪ್ಪರ ಆಡಳಿತ, ದಾಖಲೆಗಳನ್ನು ಇಟ್ಟುಕೊಳ್ಳಬಹುದು, ಅಳಿಸಬೇಕಿಲ್ಲ ಎಂದು ಐರ್ಲೆಂಡಿನ ಡೇಟಾ ಆಯೋಗ 2023ರಲ್ಲಿ ತೀರ್ಪು ಕೊಟ್ಟಿತು. ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2024ರಲ್ಲಿ ಹೇಳಿದ್ದೂ ಇದನ್ನೇ. ಬೆಲ್ಜಿಯಂನ ಪ್ರಾಧಿಕಾರ ಮಾತ್ರ 2023ರ ಕೊನೆಯಲ್ಲಿ ಅಳಿಸಿ ಎಂದಿತು.

ಇತ್ತ, ಮಾಡಿಸದೆ ಬಿಟ್ಟವರಿಗೆ ದಾರಿ ತೆರೆದೇ ಇರುತ್ತದೆ. ಏಳು ವರ್ಷ ದಾಟಿದ ಮಗುವನ್ನು ಚರ್ಚಿನ ಕಾನೂನು ತನ್ನ ಬುದ್ಧಿಯಿಂದ ಹೂಂ ಎನ್ನಬಲ್ಲ ಮಗು ಎಂದೇ ನೋಡುತ್ತದೆ. ಅದಕ್ಕೇ ನನಗೆ ಅನಿಸುವುದು: ನಿಜಕ್ಕೂ ಗೊಂದಲದಲ್ಲಿರುವವರು ಕಾಯುವುದು ಒಳ್ಳೆಯದು. ಎರಡನೇ ತರಗತಿಗೆ ಮುಂಚೆ ಮಗು ತಾನೇ ಬೇಕು ಅಂದರೆ ಆಗ ಮಾಡಿಸಬಹುದು. ಹಾಗೆ ಮಾಡುವವರೂ ಇದ್ದಾರೆ. ಆದರೆ ಕ್ಲಾಸಿನ ಇಪ್ಪತ್ತೈದು ಮಕ್ಕಳು ಬಿಳಿ ಗೌನಿನ ಕನಸು ಕಾಣುತ್ತಿರುವಾಗ ಏಳು ವರ್ಷದ ಮಗುವಿನ 'ಬೇಕು' ಎಷ್ಟು ಅದರದ್ದು ಅಂತ ಕೇಳಿದರೆ, ನ್ಯಾಯವಾದ ಪ್ರಶ್ನೆ.

ತಯಾರಿಯನ್ನು ಶಾಲೆಯಿಂದ ಎತ್ತಿ ಚರ್ಚಿನ ಭಾನುವಾರಕ್ಕೆ ಹಾಕಿದರೆ ಈ ಗಂಟು ಬಹುಪಾಲು ಬಿಚ್ಚುತ್ತದೆ. ನಂಬುವವರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಉಳಿದವರ ಮಕ್ಕಳಿಗೆ ಹಿಂದಿನ ಬೆಂಚು ಇರುವುದಿಲ್ಲ. ಡಬ್ಲಿನ್ ಮಹಾಧರ್ಮಪ್ರಾಂತ್ಯವೇ 2019ರಲ್ಲಿ ತಯಾರಿಯ ಹೊಣೆಯನ್ನು ಶಾಲೆಯಿಂದ ಧರ್ಮಕೇಂದ್ರಗಳಿಗೆ ವರ್ಗಾಯಿಸುವ ಮಾತಾಡಿತು. ಪೂಜೆಗೆ ಜನವೇ ಬರದ ಕಡೆ ಅದನ್ನು ನಡೆಸುವವರು ಯಾರು ಎಂಬುದು ಚರ್ಚಿಗೆ ತೊಡಕು. ಶಾಲೆಯ ಟೀಚರ್ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ ಕೆಲಸವದು.

ಅಲ್ಲಿರುವ ನಮ್ಮವರಿಗೂ ಇದು ದೂರದ ವಿಷಯ ಅಲ್ಲ. 2022ರ ಗಣತಿಯಲ್ಲಿ ಐರ್ಲೆಂಡಿನಲ್ಲಿದ್ದ ಭಾರತದ ಪ್ರಜೆಗಳು 45 ಸಾವಿರ ದಾಟಿದ್ದರು, ಹಿಂದೂಗಳು 33 ಸಾವಿರ. ಬೆಂಗಳೂರಿನ, ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಹೋದ ಅಪ್ಪ ಅಮ್ಮನಿಗೆ ಕ್ಯಾಥೊಲಿಕ್ ಶಾಲೆ ಅಂದರೆ ಬೆಳಗಿನ ಪ್ರಾರ್ಥನೆ, ಮಾರಲ್ ಸೈನ್ಸ್ ಕ್ಲಾಸು, ಅಷ್ಟೇ. ಕಮ್ಯುನಿಯನ್ ತಯಾರಿ ಇಲ್ಲೂ ಇದೆ, ಆದರೆ ಅದು ಕ್ಯಾಥೊಲಿಕ್ ಮಕ್ಕಳಿಗೆ ಮಾತ್ರ ಸೇರಿದ್ದು, ಸಾಮಾನ್ಯವಾಗಿ ಪಾಠದ ಹೊತ್ತಿನಾಚೆ. ಅಲ್ಲಿ ಇಡೀ ಕ್ಲಾಸೇ ಅದರಲ್ಲಿ ಮುಳುಗಿರುವುದನ್ನು ನೋಡಿ ಅವರು ಕಕ್ಕಾಬಿಕ್ಕಿಯಾಗುತ್ತಾರೆ. ಅವರಿಗೆ ಒಂದು ಅನುಕೂಲವೂ ಇದೆ. ನಾವು ಹಿಂದೂಗಳು ಅಂದರೆ ಶಾಲೆ ತಕ್ಷಣ ಅರ್ಥ ಮಾಡಿಕೊಳ್ಳುತ್ತದೆ. ಮರ್ಫಿ ಅಂತ ಅಚ್ಚ ಐರಿಷ್ ಹೆಸರಿಟ್ಟುಕೊಂಡು ನಮಗೇನೂ ಧರ್ಮ ಇಲ್ಲ ಅನ್ನುವವರ ಪಾಡು ಜಾಸ್ತಿ ಕಷ್ಟ.

2018ರ ಕಾಯ್ದೆಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಕಲಮು ಇದೆ. ಧರ್ಮಪಾಠ ಬೇಡ ಎನ್ನುವ ಮಕ್ಕಳಿಗೆ ಏನು ಏರ್ಪಾಡು ಮಾಡಿದ್ದೇವೆ ಎಂಬುದನ್ನು ಪ್ರತಿ ಶಾಲೆಯೂ ತನ್ನ ಪ್ರವೇಶ ನೀತಿಯಲ್ಲಿ ಬರೆದಿಡಬೇಕು, ಆ ಮಕ್ಕಳ ಶಾಲಾ ಸಮಯವನ್ನು ಕಡಿಮೆ ಮಾಡುವಂತಿಲ್ಲ. ಎಷ್ಟೋ ಶಾಲೆಗಳು ಅಲ್ಲಿ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿವೆ: ಪೋಷಕರು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಕಾಣಲು ಹೋದವರು ಮೂರು ವಿಷಯ ಕೇಳಿ, ಉತ್ತರವನ್ನು ಬರೆಸಿಕೊಳ್ಳುವುದು ಒಳ್ಳೆಯದು. ಆ ಅರ್ಧ ಗಂಟೆ ನನ್ನ ಮಗು ಎಲ್ಲಿ ಕೂರುತ್ತದೆ, ಯಾರ ಜೊತೆ, ಮತ್ತು ಎರಡನೇ ತರಗತಿಯಲ್ಲಿ ಎಲ್ಲರೂ ಚರ್ಚಿಗೆ ಅಭ್ಯಾಸಕ್ಕೆ ಹೋದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ.